ಸಿ ಶಿಫ್ಟ್ ಮನೆಯ ಸಿಟ್ಟು

ಪ್ರಶ್ನೆ: ನನಗೆ 33 ವರ್ಷ. ನಮ್ಮನೆಯವರು ನರಸಾಪುರದ ಫ್ಯಾಕ್ಟರಿಯಲ್ಲಿದ್ದಾರೆ, ವಾರಕ್ಕೊಂದು ಶಿಫ್ಟ್. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಆರು ವರ್ಷದ ಮಗ ನಮ್ಮಿಬ್ಬರ ಮಧ್ಯೆ ಮಲಗುತ್ತಾನೆ, ಅತ್ತೆ ಹಾಲ್‌ನಲ್ಲಿ. ಎಂಟು ತಿಂಗಳಿಂದ ನಮ್ಮಿಬ್ಬರ ನಡುವೆ ಏನೂ ಇಲ್ಲ. ಹತ್ತಿರ ಹೋದರೆ 'ಸುಸ್ತಾಗಿದೆ ಬಿಡೇ' ಅಂತ ಆ ಕಡೆ ತಿರುಗುತ್ತಾರೆ. ಮೊನ್ನೆ ಒಂದೇ ಬ್ಲೌಸಿನ ತೋಳನ್ನು ಎರಡು ಸಲ ಅದಲುಬದಲು ಹೊಲಿದು, ಬಿಚ್ಚಿ, ಕೊನೆಗೆ ಮಗನಿಗೆ ಹೊಡೆದೆ. ಅವನೇನೂ ಮಾಡಿರಲಿಲ್ಲ. ಕಾಲೇಜಿನಲ್ಲಿ ಜೊತೆಗಿದ್ದ ಒಬ್ಬರು ವಾಟ್ಸಾಪ್‌ನಲ್ಲಿ ದಿನಾ 'ಊಟ ಆಯ್ತಾ' ಅಂತ ಕೇಳುತ್ತಾರೆ. ಅಷ್ಟೇ. ಆದರೆ ನಾನು ಆ ಮೆಸೇಜಿಗೆ ಕಾಯುತ್ತಿರುತ್ತೇನೆ. ಹೆಂಗಸಿಗೆ ಇಷ್ಟೊಂದು ಆಸೆ ಇರುವುದು ಕಾಯಿಲೆಯಾ?
— ಹೆಸರು ಬೇಡ, ಕೋಲಾರ

ಉತ್ತರ: ಕಾಯಿಲೆ ಅಲ್ಲಮ್ಮಾ. ಮಿಕ್ಕಿದ್ದೆಲ್ಲ ಆಮೇಲೆ. ಧರ್ಮ, ಅರ್ಥ, ಕಾಮ, ಮೋಕ್ಷ ಅಂತ ಹಿರಿಯರು ನಾಲ್ಕು ಎಣಿಸಿದರು. ಮೂರನೆಯದನ್ನು ಗಂಡಸರ ಹೆಸರಿಗೆ ಖಾತೆ ಮಾಡಿಸಿಕೊಟ್ಟವರು ಯಾರೋ ಗೊತ್ತಿಲ್ಲ. 33ರ ಹೆಂಗಸಿಗೆ ಗಂಡ ಬೇಕು ಅನ್ನಿಸುವುದು ಹೊತ್ತಿಗೆ ಸರಿಯಾಗಿ ಹಸಿವಾದ ಹಾಗೆ.

ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ತೋಳಿನ ಸಾಲನ್ನು. ತೋಳು ಅದಲುಬದಲಾಗುವುದು ಹೊಲಿಗೆ ಕಲಿಯುವ ದಿನಗಳಲ್ಲಿ. ಪಳಗಿದ ಕೈ ಒಂದೇ ದಿನ ಎರಡು ಸಲ ತಪ್ಪಿತು ಅಂದರೆ ಮನಸ್ಸು ಅಲ್ಲಿರಲಿಲ್ಲ. ತಡೆದಿಟ್ಟ ಆಸೆ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಪಾತ್ರೆ ಕುಕ್ಕಿಸುತ್ತದೆ. ಅತ್ತೆ ಕೆಮ್ಮಿದರೂ ಸಿಟ್ಟು ಬರಿಸುತ್ತದೆ. ರಾತ್ರಿ ಎರಡಕ್ಕೆ ಎಬ್ಬಿಸಿ ಫ್ಯಾನ್ ನೋಡುತ್ತಾ ಮಲಗಿಸುತ್ತದೆ.

ಹಾಗಂತ ಎಲ್ಲ ಸಿಟ್ಟನ್ನೂ ಇದರ ತಲೆಗೇ ಕಟ್ಟಬೇಡಿ. ಗೋಡೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಹಾಗೆ ಎರಡು ತಿಂಗಳು ಗುರುತು ಹಾಕಿ. ಆಸೆ ಜಾಸ್ತಿಯಾದ ದಿನ ಒಂದು ಚುಕ್ಕಿ, ಸಿಟ್ಟು ನೆತ್ತಿಗೇರಿದ ದಿನ ಒಂದು ಗೀಟು. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡಾಣು ಬಿಡುಗಡೆಯಾಗುವುದು ಸುಮಾರು 14ನೇ ದಿನ. ಆ ಆಸುಪಾಸಿನಲ್ಲಿ ಎಷ್ಟೋ ಹೆಂಗಸರಿಗೆ ಆಸೆ ಏರುತ್ತದೆ. ಮುಟ್ಟಿನ ಹಿಂದಿನ ವಾರದ ರೇಗಾಟ ಬೇರೆ. ಚುಕ್ಕಿಯೂ ಗೀಟೂ ಒಟ್ಟಿಗೇ ಬೀಳುತ್ತಿವೆಯಾ, ಬೇರೆ ಬೇರೆಯಾ ಅಂತ ನೋಡಿ. ಹೀಗಲ್ಲದೆ ಎರಡು ವಾರಕ್ಕೂ ಹೆಚ್ಚು ಕಾಲ ಊಟ ಸೇರದೆ, ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಹೋದರೆ ಅದು ಖಿನ್ನತೆ ಇರಬಹುದು. ಡಾಕ್ಟರಿಗೆ ತೋರಿಸಿ.

ಆಮೇಲೆ ಒಬ್ಬರೇ ಕೂತು ಯೋಚನೆ ಮಾಡಿ, ಏನು ಸಿಗುತ್ತಿಲ್ಲ ಅಂತ ಇಷ್ಟು ಸಂಕಟ? ಮೈಯ ಬಿಸಿ ಇಳಿಯಬೇಕಾ, ಯಾರಾದರೂ ಬೆನ್ನ ಮೇಲೆ ಕೈಯಾಡಿಸಬೇಕಾ, ಊಟ ಆಯ್ತಾ ಅಂತ ಕೇಳಬೇಕಾ? ಮೈಯದಾದರೆ ಬಾಗಿಲು ಹಾಕಿಕೊಂಡು ನಿಮ್ಮ ಕೈಯಲ್ಲೇ ಇಳಿಸಿಕೊಳ್ಳಬಹುದು. ಅದರಿಂದ ನಿಶ್ಶಕ್ತಿ ಬರುವುದಿಲ್ಲ, ಗರ್ಭಕೋಶಕ್ಕೆ ಏನೂ ಆಗುವುದಿಲ್ಲ, ಮಕ್ಕಳಾಗುವುದಕ್ಕೂ ಅಡ್ಡಿಯಿಲ್ಲ. ಪಾಪ ಅಂತ ಅಂದುಕೊಳ್ಳುವುದೂ ಬೇಡ. ಆದರೆ ಎಂಟು ತಿಂಗಳ ಒಂಟಿತನ ಅದರಿಂದ ಹೋಗುವುದಿಲ್ಲ.

ಆ ಒಂಟಿತನಕ್ಕೇ ಈ ವಾಟ್ಸಾಪ್ ಹಿತವಾಗಿರುವುದು. ನಾನು ಬೈಯುವುದಿಲ್ಲ. ಮನೆಯಲ್ಲಿ ಯಾರೂ ಕೇಳದ ಎರಡು ಪದವನ್ನು ಹೊರಗಿನವರು ಕೇಳಿದರೆ ಕಿವಿ ಆ ಕಡೆ ಹೋಗುತ್ತದೆ. ಆದರೆ ಬಾಯಾರಿದವರಿಗೆ ಯಾವ ನೀರಾದರೂ ಸಿಹಿ. ಕೋಲಾರದವರಿಗೆ ನೀರಿನ ವಿಷಯ ನಾನು ಹೇಳಿಕೊಡಬೇಕಾ? ಬೋರ್‌ವೆಲ್ ನೀರು ನೋಡೋಕೆ ತಿಳಿಯಾಗೇ ಇರುತ್ತೆ, ಫ್ಲೋರೈಡ್ ಕಣ್ಣಿಗೆ ಬೀಳಲ್ಲ. ಸದ್ಯಕ್ಕೆ ಅವರನ್ನು ಮ್ಯೂಟ್ ಮಾಡಿ. ಗಂಡನ ಜೊತೆ ಒಂದು ಸಲವಾದರೂ ಬಾಯಿಬಿಟ್ಟು ಮಾತಾಡುವ ತನಕ ಆ ಕಡೆ ಏನನ್ನೂ ತೀರ್ಮಾನಿಸಬೇಡಿ.

ಇನ್ನು ನಿಮ್ಮ ಯಜಮಾನರು. 'ಸುಸ್ತಾಗಿದೆ' ಅನ್ನುವುದು ನಿಜವೇ ಇರಬಹುದು. ಗಂಡಸಿನ ಮೈಯಲ್ಲಿ ಟೆಸ್ಟೋಸ್ಟಿರಾನ್, ಅಂದರೆ ಆಸೆ ಹುಟ್ಟಿಸುವ ಹಾರ್ಮೋನು, ಹೆಚ್ಚುವುದು ನಿದ್ದೆಯಲ್ಲಿ. ಅದಕ್ಕೇ ಬೆಳಗಿನ ಜಾವ ಅದು ಜಾಸ್ತಿ ಇರುತ್ತದೆ. ಸಿ ಶಿಫ್ಟ್, ಅಂದರೆ ರಾತ್ರಿ ಪಾಳಿ, ಮುಗಿಸಿ ಬಂದವರು ಮಲಗುವುದು ಎಲ್ಲರೂ ಎದ್ದ ಮೇಲೆ. ಕುಕ್ಕರ್ ವಿಷಲ್, ಅತ್ತೆಯ ಟಿವಿ, ಪಕ್ಕದಲ್ಲೇ ನಿಮ್ಮ ಮೆಷಿನ್ನಿನ ಕಟಕಟ. ನಿದ್ದೆಯಾಗುತ್ತಾ? ಆ ವಾರ ಬೆಳಿಗ್ಗೆ ಮೂರ್ನಾಲ್ಕು ಗಂಟೆ ಮೆಷಿನ್‌ಗೆ ರಜೆ ಕೊಟ್ಟು ನೋಡಿ. ಇನ್ನೊಂದೂ ಇದೆ. 'ಆಗ್ತಿಲ್ಲ' ಅಂತ ಹೇಳಲಾರದೆ 'ಸುಸ್ತು' ಅನ್ನುವ ಗಂಡಸರೂ ಇದ್ದಾರೆ. ಸಕ್ಕರೆ ಕಾಯಿಲೆ, ಕುಡಿತ, ಬಿಪಿಗೋ ಖಿನ್ನತೆಗೋ ಕೊಡುವ ಕೆಲವು ಮಾತ್ರೆ, ಇವೆಲ್ಲ ಅದಕ್ಕೆ ಕಾರಣವಾಗುತ್ತವೆ. ಶುಗರ್, ಬಿಪಿ ಒಮ್ಮೆ ನೋಡಿಸಿ. ದಯವಿಟ್ಟು ಬಸ್ ಸ್ಟ್ಯಾಂಡ್ ಗೋಡೆಯ 'ಗುಪ್ತ ರೋಗ' ಪೋಸ್ಟರಿನವರ ಹತ್ತಿರ ಮಾತ್ರ ಹೋಗಬೇಡಿ.

ಮಾತು ಹಾಸಿಗೆಯಲ್ಲಿ ಬೇಡ. ಅಲ್ಲಿ ಇಬ್ಬರಿಗೂ ಅದು ಪರೀಕ್ಷೆ ಆಗಿಬಿಟ್ಟಿದೆ. ಎ ಶಿಫ್ಟ್, ಅಂದರೆ ಬೆಳಗಿನ ಪಾಳಿ ಇರುವ ವಾರದ ರಜೆ ದಿನ ಮಗನನ್ನು ಅತ್ತೆ ಹತ್ತಿರ ಬಿಟ್ಟು ಇಬ್ಬರೇ ಅಂತರಗಂಗೆ ಬೆಟ್ಟಕ್ಕೆ ಹೋಗಿ. ಮೆಟ್ಟಿಲು ಹತ್ತುವಾಗ ಮುಖ ನೋಡಿಕೊಂಡು ಮಾತಾಡಬೇಕಾಗಿಲ್ಲ, ಅದೊಂದು ಅನುಕೂಲ. ಕೋತಿಗಳಿವೆ, ಚೀಲ ಗಟ್ಟಿಯಾಗಿ ಹಿಡಿದುಕೊಳ್ಳಿ. 'ನಿಮಗೆ ನಾನು ಬೇಡವಾಗಿದ್ದೀನಿ' ಅಂತ ಶುರು ಮಾಡಿದರೆ ಜಗಳವೇ ಆಗುವುದು. 'ರೀ, ನಂಗೆ ನೀವು ಬೇಕು ಅನ್ಸುತ್ತೆ. ನೀವು ಆ ಕಡೆ ತಿರುಗಿದಾಗ ನಾನು ಚೆನ್ನಾಗಿಲ್ವೇನೋ ಅನ್ಸುತ್ತೆ' ಅನ್ನಿ. ಅಷ್ಟು ಹೇಳಿ ಸುಮ್ನಿರಿ. ಅವರು ತಕ್ಷಣ ಏನೂ ಹೇಳದಿದ್ದರೂ ಪರವಾಗಿಲ್ಲ.

ಮೊದಲ ಕೆಲವು ವಾರ ಮುಂದಿನದ್ದನ್ನು ಕೇಳಲೇ ಬೇಡಿ. ತಲೆಗೆ ಎಣ್ಣೆ ಹಚ್ಚಿ, ಕೈ ಹಿಡಿದುಕೊಂಡು ಹತ್ತು ನಿಮಿಷ ಮಲಗಿ. ಬೇಡ ಅನ್ನುವ ಹಕ್ಕು ಅವರಿಗೂ ಇದೆ, ನಿಮಗೂ ಇದೆ. ಮಾತೇ ಆಗುತ್ತಿಲ್ಲ ಅಂದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ಕಷ್ಟ ಹೇಳಿಕೊಳ್ಳುವುದಕ್ಕೆ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್, 2022ರಿಂದ ಇದೆ. ಹಗಲುರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಗನ ವಿಷಯ ಮಾತ್ರ ಇವತ್ತೇ ಮುಗಿಸಿ. ಸಂಜೆ ತೊಡೆ ಮೇಲೆ ಕೂರಿಸಿಕೊಂಡು 'ಮೊನ್ನೆ ತಪ್ಪು ನಂದು ಕಂದಾ, ನಿಂದೇನೂ ಇರಲಿಲ್ಲ' ಅಂತ ಹೇಳಿ. ಅವನನ್ನು ಅಜ್ಜಿ ಪಕ್ಕಕ್ಕೆ ಮಲಗಿಸುವ ಮಾತು ಅದಾದ ಒಂದೆರಡು ವಾರಕ್ಕೆ ಎತ್ತಿ. ಈಗಲೇ ಮಲಗಿಸಿದರೆ ಅದನ್ನೂ ಶಿಕ್ಷೆ ಅಂತಲೇ ಅಂದುಕೊಳ್ಳುತ್ತಾನೆ.