ಶೇರ್ ಫೋಲ್ಡರ್ ತೆರೆಯಲು ಅರ್ಧ ನಿಮಿಷ: ಕಾಯಿಸುತ್ತಿರುವುದು ಯಾರು?

ಪ್ರಶ್ನೆ: ನಮ್ಮದು ಹನ್ನೆರಡು ಕಂಪ್ಯೂಟರ್‌ಗಳ ಆಡಿಟ್ ಆಫೀಸು. ಎಲ್ಲ ಫೈಲುಗಳೂ ಒಂದೇ ವಿಂಡೋಸ್ ಸಿಸ್ಟಂನಲ್ಲಿದ್ದು, ಉಳಿದವರು ಅದನ್ನು ನೆಟ್‌ವರ್ಕ್‌ನಲ್ಲಿ ತೆರೆಯುತ್ತೇವೆ. ನನ್ನ ಸಿಸ್ಟಂನಲ್ಲಿ ಮಾತ್ರ ಆ ಫೋಲ್ಡರ್ ತೆರೆಯಲು 30-40 ಸೆಕೆಂಡ್ ಬೇಕು. ಮೇಲೆ ಹಸಿರು ಪಟ್ಟಿ ತೆವಳುತ್ತಿರುತ್ತದೆ. ಒಮ್ಮೆ ತೆರೆದ ಮೇಲೆ ಪರವಾಗಿಲ್ಲ. ಎಕ್ಸೆಲ್ ಫೈಲುಗಳೂ ತಡವಾಗಿ ತೆರೆಯುತ್ತವೆ. ರಿಪೇರಿಯವರು ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಿದ್ದಾರೆ. ಮಾಡಿಸಬೇಕೇ?

ಬೇಡ. ನಿಮ್ಮ ಪ್ರಶ್ನೆಯಲ್ಲೇ ಎರಡು ಒಳ್ಳೆಯ ಸುಳಿವುಗಳಿವೆ. ತೊಂದರೆ ನಿಮ್ಮೊಬ್ಬರಿಗೇ ಇದೆ ಎಂದ ಮೇಲೆ ಫೈಲುಗಳಿರುವ ಸಿಸ್ಟಂ, ಅದರ ಡಿಸ್ಕ್, ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಇವುಗಳ ಮೇಲಿನ ಅನುಮಾನ ಕಡಿಮೆಯಾಯಿತು. ಒಮ್ಮೆ ತೆರೆದ ಮೇಲೆ ಸರಾಗ ಎಂದರೆ ಕೇಬಲ್ಲೂ ಬಹುಶಃ ಸರಿಯಾಗಿದೆ. ಕೇಬಲ್ ಕೆಟ್ಟಿದ್ದರೆ ಕೊನೆಯವರೆಗೂ ನಿಧಾನವೇ ಇರುತ್ತದೆ. ಮೊದಲು ಸುಮ್ಮನೆ ಕಾಯಿಸಿ ಆಮೇಲೆ ಓಡುವ ಸಿಸ್ಟಂ ಸಾಮಾನ್ಯವಾಗಿ ಯಾರನ್ನೋ ಹುಡುಕುತ್ತಿರುತ್ತದೆ. ಉತ್ತರ ಬಾರದಿದ್ದಾಗ ಕಾದು, ಕೈಬಿಟ್ಟು, ಇನ್ನೊಂದು ದಾರಿ ಹಿಡಿಯುತ್ತದೆ. ಆ ಕಾಯುವಿಕೆಯೇ ನಿಮ್ಮ ಅರ್ಧ ನಿಮಿಷ.

ಯಾರನ್ನು ಹುಡುಕುತ್ತಿದೆ ಎಂದು ತಿಳಿಯಲು ಎರಡು ನಿಮಿಷ ಸಾಕು. ಫೈಲುಗಳಿರುವ ಸಿಸ್ಟಂನ ಐಪಿ ವಿಳಾಸ ಬರೆದುಕೊಳ್ಳಿ, 192.168.1.10 ಎಂದಿಟ್ಟುಕೊಳ್ಳೋಣ. ನಿಮ್ಮ ಸಿಸ್ಟಂ ರೀಸ್ಟಾರ್ಟ್ ಮಾಡಿ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ರನ್ ಪೆಟ್ಟಿಗೆಯಲ್ಲಿ \\192.168.1.10 ಎಂದು ಟೈಪ್ ಮಾಡಿ ಎಂಟರ್ ಕೊಡಿ. ಎಷ್ಟು ಸೆಕೆಂಡ್ ಆಯಿತು ನೋಡಿ. ಮತ್ತೆ ರೀಸ್ಟಾರ್ಟ್ ಮಾಡಿ, ಈ ಸಲ ಐಪಿ ಬದಲು ಆ ಸಿಸ್ಟಂನ ಹೆಸರು ಕೊಡಿ. ನಡುವೆ ರೀಸ್ಟಾರ್ಟ್ ಮಾಡಲೇಬೇಕು, ಇಲ್ಲದಿದ್ದರೆ ಮೊದಲ ಸಲ ಸಿಕ್ಕ ಸಂಪರ್ಕವನ್ನೇ ವಿಂಡೋಸ್ ಬಳಸಿಕೊಂಡು ಪರೀಕ್ಷೆ ಕೆಡಬಹುದು.

ಐಪಿ ಕೊಟ್ಟರೆ ತಕ್ಷಣ ತೆರೆದು ಹೆಸರು ಕೊಟ್ಟರೆ ತಡವಾದರೆ, ಹೆಸರಿನಿಂದ ವಿಳಾಸ ಪತ್ತೆ ಮಾಡುವ ಹಂತದಲ್ಲಿ ಸಿಕ್ಕಿದೆ ಎಂದರ್ಥ. ನಿಮ್ಮಂಥ ಸಣ್ಣ ಆಫೀಸಿಗೆ ಸರಳ ಪರಿಹಾರವಿದೆ. ರೂಟರ್‌ನಲ್ಲಿ ಆ ಸಿಸ್ಟಂಗೆ ಒಂದೇ ಐಪಿ ಖಾಯಂ ಮಾಡಿಸಿ. ನಂತರ ನಿಮ್ಮ ಸಿಸ್ಟಂನಲ್ಲಿ ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಂಡೋಸ್ ಫೋಲ್ಡರ್‌ನ ಸಿಸ್ಟಂ32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ, ಅಲ್ಲಿರುವ ಹೋಸ್ಟ್ಸ್ ಫೈಲಿನ ಕೊನೆಯ ಸಾಲಿನಲ್ಲಿ ಐಪಿ, ಒಂದು ಸ್ಪೇಸ್, ಸಿಸ್ಟಂನ ಹೆಸರು ಬರೆದು ಸೇವ್ ಮಾಡಿ. ಐಪಿ ಖಾಯಂ ಮಾಡದೆ ಇದನ್ನು ಬರೆದರೆ ರೂಟರ್ ವಿಳಾಸ ಬದಲಿಸಿದ ದಿನ ಫೋಲ್ಡರ್ ಪೂರ್ತಿ ಕೈಕೊಡುತ್ತದೆ.

ಡೊಮೇನ್ (ಎಲ್ಲರ ಲಾಗಿನ್ ಒಂದೇ ಸರ್ವರ್‌ನಿಂದ ನಡೆಯುವ ವ್ಯವಸ್ಥೆ) ಇರುವ ದೊಡ್ಡ ಆಫೀಸುಗಳವರು ಹೋಸ್ಟ್ಸ್ ಫೈಲ್ ಮುಟ್ಟಬೇಡಿ. ಅಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಡಿಎನ್‌ಎಸ್ (ಹೆಸರು ಕೊಟ್ಟರೆ ಐಪಿ ಹೇಳುವ ಸರ್ವರ್) ಜಾಗ ನೋಡಿ. ಮೊದಲ ಸಾಲಿನಲ್ಲಿ ಡೊಮೇನ್ ಸರ್ವರ್, ಎರಡನೆಯದರಲ್ಲಿ “ಇರಲಿ” ಎಂದು ಗೂಗಲ್‌ನ 8.8.8.8 ಹಾಕಿಟ್ಟಿರುವುದು ತುಂಬ ಸಾಮಾನ್ಯ ತಪ್ಪು. ನಿಮ್ಮ ಆಫೀಸಿನ ಒಳಗಿನ ಹೆಸರುಗಳು ಹೊರಗಿನ ಡಿಎನ್‌ಎಸ್‌ಗೆ ಗೊತ್ತೇ ಇರುವುದಿಲ್ಲ. ಎರಡೂ ಸಾಲಿನಲ್ಲಿ ಒಳಗಿನ ಸರ್ವರ್‌ಗಳೇ ಇರಬೇಕು.

ಐಪಿ, ಹೆಸರು ಎರಡಕ್ಕೂ ಬೇಗ ತೆರೆದು, “ದಿಸ್ ಪಿಸಿ” ಮೂಲಕ ಹೋದಾಗ ಮಾತ್ರ ತಡವಾಗುತ್ತಿದ್ದರೆ ಕಾರಣ ಬೇರೆ. ಹಿಂದೆಂದೋ ಮ್ಯಾಪ್ ಮಾಡಿ (ನೆಟ್‌ವರ್ಕ್ ಫೋಲ್ಡರ್‌ಗೆ ಡ್ರೈವ್ ಅಕ್ಷರ ಕೊಟ್ಟು), ಈಗ ಇಲ್ಲದ ಸಿಸ್ಟಂನ ಡ್ರೈವ್ ಅಲ್ಲಿ ಉಳಿದಿರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷಿನಲ್ಲಿ “ನೆಟ್ ಯೂಸ್” ಎಂದು ಕೊಟ್ಟರೆ ಪಟ್ಟಿ ಬರುತ್ತದೆ. ಸತ್ತಿರುವ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್‌ಕನೆಕ್ಟ್ ಮಾಡಿ. ಕ್ವಿಕ್ ಆಕ್ಸೆಸ್‌ಗೆ ಪಿನ್ ಮಾಡಿದ ಹಳೆಯ ಫೋಲ್ಡರ್‌ಗಳನ್ನೂ ತೆಗೆಯಿರಿ. ಶೇರ್ ಫೋಲ್ಡರ್‌ನ ಒಳಗೇ ಹಳೆಯ ಸರ್ವರ್‌ಗೆ ಕೊಂಡಿಯಾದ ಶಾರ್ಟ್‌ಕಟ್‌ಗಳಿದ್ದರೆ ಅವನ್ನೂ ಅಳಿಸಿ. ಅವುಗಳ ಐಕಾನ್ ತರಲು ಹೋಗಿಯೂ ವಿಂಡೋಸ್ ಕಾಯುತ್ತದೆ.

ಎಕ್ಸೆಲ್ ವಿಚಾರದಲ್ಲಿ ಮೊದಲು ಪ್ರಿಂಟರ್ ನೋಡಿ. ಪುಟದ ಅಳತೆ ತಿಳಿಯಲು ಎಕ್ಸೆಲ್ ಡಿಫಾಲ್ಟ್ ಪ್ರಿಂಟರನ್ನು ಮಾತಾಡಿಸುತ್ತದೆ. ಆ ಪ್ರಿಂಟರ್ ನೆಟ್‌ವರ್ಕ್‌ನಲ್ಲಿದ್ದು, ಆಫ್ ಆಗಿದ್ದರೆ ಫೈಲ್ ತೆರೆಯುವುದು ತಡವಾಗುತ್ತದೆ, ಬೈಗುಳ ಶೇರ್ ಫೋಲ್ಡರ್‌ಗೆ ಬೀಳುತ್ತದೆ. ಡಿಫಾಲ್ಟ್ ಪ್ರಿಂಟರ್ ಆಗಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಇಟ್ಟು ಒಮ್ಮೆ ಪರೀಕ್ಷಿಸಿ. ಅದರಿಂದ ವ್ಯತ್ಯಾಸವಾಗದಿದ್ದರೆ ಡೇಟಾ ಮೆನುವಿನ ಎಡಿಟ್ ಲಿಂಕ್ಸ್ ತೆರೆದು, ಈಗ ಇಲ್ಲದ ಜಾಗದ ಫೈಲುಗಳಿಗೆ ಕೊಂಡಿಗಳು ಉಳಿದಿವೆಯೇ ನೋಡಿ. ಲೆಕ್ಕದ ಶೀಟುಗಳನ್ನು ವರ್ಷದಿಂದ ವರ್ಷಕ್ಕೆ ಕಾಪಿ ಮಾಡುವ ಆಫೀಸುಗಳಲ್ಲಿ ಇವು ಇರುತ್ತವೆ.

ಪ್ರಶ್ನೆ: ಫೋಲ್ಡರ್ ಬೇಗ ತೆರೆಯುತ್ತದೆ. ಆದರೆ 1 ಜಿಬಿ ಫೈಲ್ ಕಾಪಿಗೆ ನನಗೆ ಒಂದೂವರೆ ನಿಮಿಷ, ಪಕ್ಕದವರಿಗೆ ಹತ್ತೇ ಸೆಕೆಂಡ್.

ಇದು ಕೇಬಲ್. ನೀವು ಕೊಟ್ಟ ಲೆಕ್ಕವೇ ಹೇಳುತ್ತದೆ: ಒಂದೂವರೆ ನಿಮಿಷ ಎಂದರೆ ಸೆಕೆಂಡಿಗೆ ಸುಮಾರು 11 ಎಂಬಿ, ಅದು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್) ಸಂಪರ್ಕದ ಮಿತಿ. ಪಕ್ಕದವರದು 1 ಜಿಬಿಪಿಎಸ್. ನೆಟ್‌ವರ್ಕ್ ಕನೆಕ್ಷನ್ಸ್‌ನಲ್ಲಿ ಈಥರ್‌ನೆಟ್ ಮೇಲೆ ಡಬಲ್ ಕ್ಲಿಕ್ ಮಾಡಿ, ಸ್ಪೀಡ್ ಸಾಲು ಓದಿ.

ಕೇಬಲ್‌ನ ತುದಿಯ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಬಣ್ಣಬಣ್ಣದ ಎಂಟು ತಂತಿಗಳಿವೆ. 100ಕ್ಕೆ 1, 2, 3, 6ನೇ ತಂತಿಗಳು ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾಗಿ 4, 5, 7, 8ರಲ್ಲಿ ಒಂದು ತಂತಿ ಪಿನ್ನಿನ ತನಕ ತಲುಪದಿದ್ದರೂ ನೆಟ್ ನಡೆಯುತ್ತಲೇ ಇರುತ್ತದೆ, ವೇಗ ಮಾತ್ರ ಹತ್ತನೇ ಒಂದಕ್ಕೆ ಇಳಿಯುತ್ತದೆ. ಎಲ್ಲೂ ತಪ್ಪು ಸಂದೇಶ ಕಾಣದ ಕಾರಣ ಇದು ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಕುರ್ಚಿಯ ಚಕ್ರ ಹರಿದ ಜಾಗ, ಮೇಜಿನ ಕಾಲಿನ ಕೆಳಗೆ ಚಪ್ಪಟೆಯಾದ ಜಾಗ, ಲಾಕ್ ಮುರಿದು ಸಡಿಲವಾದ ಪ್ಲಗ್, ಇವನ್ನು ನೋಡಿ. ರೆಡಿಮೇಡ್ ಕ್ಯಾಟ್ 6 ಕೇಬಲ್ ಹಾಕಿ ಪರೀಕ್ಷಿಸಿ. ಸುಧಾರಿಸದಿದ್ದರೆ ಸ್ವಿಚ್‌ನ ಬೇರೆ ಪೋರ್ಟ್‌ಗೆ ಹಾಕಿ. ಅಡಾಪ್ಟರ್‌ನ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಸ್ಪೀಡ್ ಅಂಡ್ ಡುಪ್ಲೆಕ್ಸ್ ಎಂಬುದು ಆಟೋ ನೆಗೋಷಿಯೇಷನ್‌ನಲ್ಲೇ ಇರಲಿ. ಕೈಯಿಂದ 1 ಜಿಬಿಪಿಎಸ್ ಆರಿಸಿದರೆ ಇಲ್ಲದ ತಂತಿ ಬರುವುದಿಲ್ಲ.

ಪ್ರಶ್ನೆ: ಸ್ಕ್ಯಾನ್ ಮಾಡಿದ ಇಪ್ಪತ್ತು ಸಾವಿರ ದಾಖಲೆಗಳ ಫೋಲ್ಡರ್ ಎಲ್ಲರಿಗೂ ನಿಧಾನ. ವೈಫೈನವರಿಗಂತೂ ತೆರೆಯುವುದೇ ಇಲ್ಲ.

ಆ ಫೋಲ್ಡರನ್ನು ವಿಂಡೋಸ್ ಚಿತ್ರಗಳ ಫೋಲ್ಡರ್ ಎಂದುಕೊಂಡಿರಬಹುದು. ಹಾಗಿದ್ದರೆ ಪ್ರತಿ ಫೈಲನ್ನೂ ತೆರೆದು ಒಳಗಿನ ವಿವರ ಓದಲು ಹೋಗುತ್ತದೆ. ಒಂದು ಫೈಲಿಗೆ ತೆರೆ, ಓದು, ಮುಚ್ಚು ಎಂದು ಮೂರೇ ಸಲ ಹೋಗಿಬಂದರೂ ಇಪ್ಪತ್ತು ಸಾವಿರಕ್ಕೆ ಅರವತ್ತು ಸಾವಿರ ಸಲ. ಪ್ರತಿ ಸಲಕ್ಕೆ 1 ಮಿಲಿಸೆಕೆಂಡ್ ಹಿಡಿದರೆ ಒಂದು ನಿಮಿಷ. ವೈಫೈನಲ್ಲಿ 5 ಆದರೆ ಐದು ನಿಮಿಷ. ನೆಟ್ ಪ್ಲಾನ್ ದೊಡ್ಡದು ಮಾಡಿಸಿದರೆ ಇದು ಬಗೆಹರಿಯುವುದಿಲ್ಲ, ಈ ಓಡಾಟ ಆಫೀಸಿನ ಒಳಗೇ ನಡೆಯುವಂಥದ್ದು.

ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಸ್ಟಮೈಸ್‌ಗೆ ಹೋಗಿ ಜನರಲ್ ಐಟಮ್ಸ್ ಆರಿಸಿ. ವ್ಯೂ ಡೀಟೇಲ್ಸ್‌ಗೆ ಇಟ್ಟು, “ಡೇಟ್ ಟೇಕನ್”, “ಟೈಟಲ್” ಕಾಲಂಗಳನ್ನು ತೆಗೆಯಿರಿ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಥಂಬ್‌ನೇಲ್ ಬದಲು ಐಕಾನ್ ಮಾತ್ರ ತೋರಿಸುವ ಆಯ್ಕೆಗೆ ಟಿಕ್ ಹಾಕಿ. ಇಷ್ಟರಿಂದ ಉಸಿರಾಡುವಷ್ಟಾಗುತ್ತದೆ. ನಿಜವಾದ ಪರಿಹಾರ ವರ್ಷ, ತಿಂಗಳ ಲೆಕ್ಕದಲ್ಲಿ ಒಳಫೋಲ್ಡರ್‌ಗಳಾಗಿ ಹಂಚುವುದೇ.

ಬೆಳಿಗ್ಗೆ ಮೊದಲ ಸಲ ಮತ್ತು ಊಟದ ನಂತರ ಮಾತ್ರ ಹತ್ತು ಸೆಕೆಂಡ್ ತಡೆದರೆ ಫೈಲುಗಳಿರುವ ಸಿಸ್ಟಂನ ಹಾರ್ಡ್ ಡಿಸ್ಕ್ ನಿದ್ದೆಗೆ ಹೋಗಿರುತ್ತದೆ. ಆ ಸಿಸ್ಟಂನ ಪವರ್ ಆಪ್ಷನ್ಸ್‌ನಲ್ಲಿ ಹಾರ್ಡ್ ಡಿಸ್ಕ್ ಆಫ್ ಆಗುವ ಸಮಯ 0 ಮಾಡಿ. ಹಾಗೆಯೇ ಅದು ಸರ್ವರ್ ಅಲ್ಲದ ವಿಂಡೋಸ್ 10 ಅಥವಾ 11 ಆಗಿದ್ದರೆ ಒಟ್ಟಿಗೆ 20 ಸಿಸ್ಟಂಗಳಿಗಷ್ಟೇ ಅವಕಾಶ.

ಪ್ರಶ್ನೆ: ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಹಳೆಯ ನ್ಯಾಸ್ ಪೆಟ್ಟಿಗೆ (ಎಲ್ಲರೂ ಫೈಲ್ ಇಡಲು ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಕೆಲವರಿಗೆ ತೆರೆಯುತ್ತಿಲ್ಲ, ಕೆಲವರಿಗೆ ನಿಧಾನ. ಎಸ್‌ಎಂಬಿ1 (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನ) ಆನ್ ಮಾಡಿ ಎಂದು ಒಬ್ಬರು ಹೇಳಿದರು.

ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಜಗತ್ತಿನ ತುಂಬ ಹರಡಿದ್ದು ಎಸ್‌ಎಂಬಿ1ರ ದೋಷದ ಮೂಲಕವೇ. 24ಎಚ್2ರ ಪ್ರೊ ಆವೃತ್ತಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವನ್ನು ನಿಲ್ಲಿಸಿದೆ, ಓಡಾಡುವ ಮಾಹಿತಿಯ ಪ್ರತಿ ತುಣುಕಿಗೂ (ಪ್ಯಾಕೆಟ್) ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂದು ತೋರಿಸುವ ಡಿಜಿಟಲ್ ಸಹಿ ಕಡ್ಡಾಯ ಮಾಡಿದೆ. ನ್ಯಾಸ್‌ನಲ್ಲಿ ಪ್ರತಿಯೊಬ್ಬರಿಗೂ ಯೂಸರ್, ಪಾಸ್‌ವರ್ಡ್ ಮಾಡಿ, ಅದರ ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಂಬಿ2 ಅಥವಾ 3 ಆನ್ ಮಾಡಿ, ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇದ್ದರೆ ಹಾಕಿ. ನಿಮ್ಮ ಸಿಸ್ಟಂನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ (ವಿಂಡೋಸ್ ಪಾಸ್‌ವರ್ಡ್‌ಗಳನ್ನು ನೆನಪಿಡುವ ಜಾಗ) ಆ ಪೆಟ್ಟಿಗೆಯ ಹಳೆಯ ನಮೂದನ್ನು ಅಳಿಸಿ ಹೊಸದಾಗಿ ಲಾಗಿನ್ ಆಗಿ. ಆಮೇಲೂ ಕಾಪಿ ನಿಧಾನವಿದ್ದರೆ, ಸಹಿ ಲೆಕ್ಕ ಹಾಕಲು ಆ ಪೆಟ್ಟಿಗೆಯ ಹಳೆಯ ಪ್ರೊಸೆಸರ್ ಏದುಸಿರು ಬಿಡುತ್ತಿರಬಹುದು. ಕಾಪಿ ನಡೆಯುವಾಗ ಅದರ ನಿರ್ವಹಣಾ ಪುಟದಲ್ಲಿ ಸಿಪಿಯು ಬಳಕೆ ನೋಡಿ. ನೂರರ ಹತ್ತಿರ ನಿಂತಿದ್ದರೆ ಪೆಟ್ಟಿಗೆ ಬದಲಿಸಲು ಹಣ ಎತ್ತಿಡಿ. ಸಹಿಯನ್ನು ಆಫ್ ಮಾಡಿ ವೇಗ ಪಡೆಯಲು ನಾವು ಹೇಳುವುದಿಲ್ಲ, ಅಲ್ಲಿರುವುದು ನಿಮ್ಮ ಗ್ರಾಹಕರ ಕಾಗದಪತ್ರ.