ತೊಳೆ, ಹೋಳು, ಚೂರು: ಎಲ್ಲಾ ಒಂದೇನಾ?

ಪ್ರಶ್ನೆ: ಮಗಳು ಐದನೇ ಕ್ಲಾಸು. ‘ಕಿತ್ತಳೆಯ ಹೋಳು’ ಅಂತ ಬರೆದಿದ್ದಕ್ಕೆ ಟೀಚರ್ ಕೆಂಪು ಗೆರೆ ಎಳೆದು ‘ತೊಳೆ’ ಅಂತ ತಿದ್ದಿ ಒಂದು ಅಂಕ ಕಳೆದಿದ್ದಾರೆ. ಎರಡೂ ತುಂಡೇ ಅಲ್ವಾ ಸಾರ್? – ಓದುಗರು, ಸಿದ್ದಾಪುರ

ಉತ್ತರ: ಅಂಕ ಕಳೆದಿದ್ದು ಜಾಸ್ತಿಯಾಯಿತು. ತಿದ್ದಿದ್ದು ಮಾತ್ರ ಸರಿ. ಕಿತ್ತಳೆಯ ಒಳಗೆ ತೊಳೆ ಮೊದಲೇ ಇರುತ್ತದೆ, ನಾವು ಬಿಡಿಸಿಕೊಳ್ಳುತ್ತೇವೆ ಅಷ್ಟೇ. ಅದೇ ಹಣ್ಣನ್ನು ಚಾಕು ಹಿಡಿದು ಅಡ್ಡಕ್ಕೆ ಕೊಯ್ದರೆ ಆಗ ಹೋಳು. ಕನ್ನಡದಲ್ಲಿ ಈ ಲೆಕ್ಕ ಸುಮಾರು ಕಡೆ ನಡೆಯುತ್ತದೆ: ಗಿಡವೇ ಹಂಚಿಟ್ಟ ಪಾಲಿಗೆ ಒಂದು ಹೆಸರು, ಕತ್ತಿ ಮಾಡಿದ ಪಾಲಿಗೆ ಇನ್ನೊಂದು. ಹಲಸಿಗೂ ತೊಳೆ. ಬೆಳ್ಳುಳ್ಳಿಗೆ ಎಸಳು, ಹೂವಿಗೂ ಎಸಳು, ಒಗ್ಗರಣೆಗೆ ಹಾಕುವ ಕರಿಬೇವಿಗೂ ಎಸಳು. ಬಾಳೆಗೊನೆಯಲ್ಲಿ ಚಿಪ್ಪು, ಚಿಪ್ಪಿನಲ್ಲಿ ಕಾಯಿ. ಭತ್ತದ ತೆನೆಯಲ್ಲಿ ಕಾಳು. ಕತ್ತಿ ಬಂದ ಮೇಲೆ ಮಾವಿನಕಾಯಿ ಹೋಳಾಗುತ್ತದೆ, ಹಂದಿ ಮಾಂಸ ತುಂಡಾಗುತ್ತದೆ (ಮದುವೆ ಮನೆಯಲ್ಲಿ ಬಡಿಸುವವರ ಬಾಯಲ್ಲಿ ‘ಪೀಸು’, ಅದನ್ನು ತಿದ್ದೋಕೆ ನಾನಂತೂ ಹೋಗಲ್ಲ).

ಬೆಲ್ಲದ ಅಚ್ಚು ಒಡೆದರೆ ಬರೋದು ಚೂರು. ಚೂರಿಗೆ ಆಕಾರವೂ ಇಲ್ಲ, ಅಳತೆಯೂ ಇಲ್ಲ. ಅದಕ್ಕೇ ಅದನ್ನು ಎಲ್ಲಿಗೆ ಬೇಕಾದರೂ ಎಳೆದುಕೊಂಡು ಹೋಗುತ್ತೇವೆ, ‘ಒಂಚೂರು ತಡೀರಿ’ ಅಂತ ಹೊತ್ತಿಗೂ ಬಳಸುತ್ತೇವೆ. ಒಂದು ಹೋಳು ತಡೀರಿ ಅಂತ ಯಾರಾದರೂ ಅಂದದ್ದುಂಟಾ?

ಹೆಣೆದ ವಸ್ತುವಿನ ಕತೆಯೇ ಬೇರೆ. ದಾರಕ್ಕೆ ಎಳೆ, ಜಡೆಗೆ ಕಾಲು. ಮೂರು ಕಾಲಿನ ಜಡೆ ಹಾಕಿಸಿಕೊಂಡ ಮಗಳಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಹಳೆ ಮನೆಗಳಲ್ಲಿ ಎರಡು ಕಂಬದ ನಡುವಿನ ಜಾಗಕ್ಕೆ ಅಂಕಣ ಅನ್ನುತ್ತಾರೆ, ನೀವು ಈಗ ಓದುತ್ತಿರುವುದಕ್ಕೂ ಅದೇ ಹೆಸರು.

ಸಿದ್ದಾಪುರದಲ್ಲಿದ್ದೀರಿ, ತೋಟ ದೂರವಿರಲ್ಲ. ಒಂದು ಕಾಫಿ ಹಣ್ಣು ಹಿಚುಕಿ ಮಗಳಿಗೆ ತೋರಿಸಿ. ಮೊದಲು ಸಿಪ್ಪೆ, ಅದರ ಕೆಳಗೆ ಕೈಗೆ ಅಂಟುವ ಲೋಳೆ, ಆಮೇಲೆ ಗಟ್ಟಿ ಹೊಟ್ಟು, ಅಂದರೆ ತೋಟದವರೆಲ್ಲ ಪಾರ್ಚ್‌ಮೆಂಟ್ ಅನ್ನುವುದು, ಅದರೊಳಗೆ ಇನ್ನೊಂದು ತೆಳು ಪೊರೆ, ಕೊನೆಗೆ ಬೀಜ. ಸಾಮಾನ್ಯವಾಗಿ ಎರಡಿರುತ್ತವೆ, ಚಪ್ಪಟೆ ಬದಿ ಒಂದಕ್ಕೊಂದು ತಾಗಿಸಿಕೊಂಡು. ಒಂದೇ ಬೆಳೆದರೆ ಅದು ದುಂಡಗಾಗುತ್ತದೆ, ಪೀಬೆರಿ. ವ್ಯಾಪಾರವೂ ಇದೇ ಲೆಕ್ಕದ ಮೇಲೆ ನಿಂತಿದೆ. ಹಣ್ಣನ್ನು ಹಾಗೇ ಒಣಗಿಸಿದರೆ ಚೆರ್ರಿ, ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. 50 ಕೆ.ಜಿ. ಚೆರ್ರಿ ಮೂಟೆಯಲ್ಲಿ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಅನ್ನುವುದೇ ಔಟ್‌ಟರ್ನ್. ಕಾಫಿ ಕೊಳ್ಳುವ ಅಂಗಡಿಯಲ್ಲಿ ‘ಒ.ಟಿ. ಎಷ್ಟು’ ಅಂತ ಕೇಳೋದು ಅದನ್ನೇ.

ಪ್ರಶ್ನೆ: ನಮ್ಮ ಮಹಿಳಾ ಸಂಘದಿಂದ ಕಿತ್ತಳೆ ಜಾಮ್ ಮಾಡ್ತೀವಿ. ಬಾಟಲಿಯ ಮೇಲೆ ‘ಘಟಕಗಳು: ಕಿತ್ತಳೆ, ಸಕ್ಕರೆ’ ಅಂತ ಫೋನೇ ಅನುವಾದ ಮಾಡಿಕೊಟ್ಟಿತು. ಓದಿದವರು ನಗ್ತಾರೆ. ಏನು ಹಾಕೋಣ? – ಓದುಗರು, ಗೋಣಿಕೊಪ್ಪ

ಉತ್ತರ: ನಗದೆ ಇನ್ನೇನು ಮಾಡ್ತಾರೆ! ಘಟಕ ಅಂದರೆ ತನ್ನ ಕಾಲ ಮೇಲೆ ತಾನು ನಿಂತು ಕೆಲಸ ಮಾಡುವಂಥದ್ದು. ಬಸ್ ಡಿಪೋ ಒಂದು ಘಟಕ, ನಿಮ್ಮ ಜಾಮ್ ತಯಾರಿಸುವ ಶೆಡ್ಡು ಒಂದು ಘಟಕ. ಸಕ್ಕರೆ ಅಲ್ಲ. ‘ಅಂಶ’ ಅಂತಲೂ ಹಾಕಬೇಡಿ, ಅದು ಬೆರೆತುಹೋಗಿ ಬೇರೆ ಮಾಡಲು ಬಾರದ್ದು, ಸಕ್ಕರೆ ಅಂಶ, ತೇವಾಂಶ ಅನ್ನುತ್ತೇವಲ್ಲ ಹಾಗೆ. ‘ಬಳಸಿದ ಪದಾರ್ಥಗಳು’ ಸಾಕು. ಯಾವುದರ ತೂಕ ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು, ಕಾನೂನು ಹಾಗಿದೆ, ಆದ್ದರಿಂದ ಸಕ್ಕರೆಯೇ ಜಾಸ್ತಿಯಿದ್ದರೆ ಕಿತ್ತಳೆಯನ್ನು ಮುಂದೆ ನಿಲ್ಲಿಸುವ ಆಸೆ ಬಿಡಿ. ಇನ್ನೊಂದು: ಕನ್ನಡ ಮಾತ್ರ ಇದ್ದರೆ ಸಾಲದು. ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಇರಲೇಬೇಕು, ಕನ್ನಡವನ್ನು ಅದರ ಜೊತೆಗೆ ಹಾಕಬಹುದು.

ಪ್ರಶ್ನೆ: ಅಜ್ಜ ಮಾತೆತ್ತಿದರೆ ‘12 ಕೊಂಬು, 35 ನಾಡು’ ಅಂತಾರೆ. ಆಗ ತಾಲೂಕಿಗೆ ನಾಡು ಅಂತಿದ್ರಾ? – ಓದುಗರು, ನಾಪೋಕ್ಲು

ಉತ್ತರ: ತಾಲೂಕಿಗಿಂತ ತುಂಬಾ ಚಿಕ್ಕದು. ಒಂದೇ ಮೂಲದ ಮನೆತನ ಒಕ್ಕ, ಹಲವು ಒಕ್ಕಗಳಿರುವುದು ಊರು, ಹಲವು ಊರು ಸೇರಿದರೆ ನಾಡು. ಕೊಂಬು ಅಂದರೆ ನಾಡಿಗಿಂತ ದೊಡ್ಡ ವಿಭಾಗ. ಕೊಡಗಿನ ಹಳೆಯ ವಿಂಗಡಣೆಯಲ್ಲಿ ಕೊಂಬು 12, ನಾಡು 35. ನಿಮ್ಮ ಹತ್ತಿರವೇ ಕಕ್ಕಬ್ಬೆ ಕಡೆ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಅರಮನೆ ಇದೆಯಲ್ಲ, ನಾಲ್ಕುನಾಡು ಅರಮನೆ, ಆ ಹೆಸರಿನಲ್ಲಿ ಈ ಹಳೆ ನಾಡು ಇನ್ನೂ ಕೂತಿದೆ. ಈಗಿನ ತಾಲೂಕು ಐದೇ: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಮತ್ತು ಈಚೆಗೆ ಆದ ಕುಶಾಲನಗರ, ಪೊನ್ನಂಪೇಟೆ. ಸ್ವಾತಂತ್ರ್ಯ ಬಂದ ಮೇಲೆ ಕೊಡಗೇ ಒಂದು ರಾಜ್ಯವಾಗಿತ್ತು, ‘ಸಿ’ ವರ್ಗದ ರಾಜ್ಯ, ಅಂದರೆ ಕೇಂದ್ರದ ನೇರ ಹಿಡಿತದಲ್ಲಿದ್ದದ್ದು. ಅದಕ್ಕೆ 24 ಸದಸ್ಯರ ಶಾಸನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿ ಒಂದು ಜಿಲ್ಲೆಯಾಯಿತು.

ನಿಮ್ಮೂರು ಯಾವ ನಾಡಿಗೆ ಸೇರಿತ್ತು ಅಂತ ಅಜ್ಜನನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಪಹಣಿ ನೋಡಿದರೆ ತಾಲೂಕು, ಹೋಬಳಿ, ಗ್ರಾಮ ಅಂತ ಮೂರೇ ಕಾಲಂ.