ಲಿಸ್ಬನ್‌ನಲ್ಲಿ ಬಿಸಿಲು ಬೀಳುವ ಮನೆ ಹಿಡಿ, ತಮ್ಮಾ

ಕಲಬುರಗಿ ಹುಡುಗ ಲಿಸ್ಬನ್‌ಗೆ ಬರುತ್ತಾನೆ ಅಂದರೆ ನನಗೆ ಖುಷಿ ಆಗದೆ ಇರುತ್ತಾ? ಲ್ಯಾಪ್‌ಟಾಪ್‌ನಲ್ಲಿ ಬೆಂಗಳೂರಿನ ಕೆಲಸ ಮಾಡಿಕೊಂಡು ಚಳಿಗಾಲ ಪೂರ್ತಿ ಇಲ್ಲಿರಬೇಕು, ಇಲ್ಲಿನ ಹಳೇ ಬಡಾವಣೆ ಅಲ್ಫಾಮಾದಲ್ಲಿ ಮನೆ ಸಿಕ್ಕಿದೆ, ಹಿಡಿಯಲಾ ಅಕ್ಕಾ ಅಂತ ಕೇಳಿದ್ದೀಯ. ‘ಒಳಗೆ ತಂಪಾಗಿದೆಯಂತೆ’ ಅಂತಲೂ ಬರೆದಿದ್ದೀಯ. ಆ ಮಾತು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ವೀಸಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿನ್ನಂಥವರಿಗೆ ಅಂತಲೇ 2022ರ ಅಕ್ಟೋಬರ್‌ನಿಂದ ಪೋರ್ಚುಗಲ್‌ನ ಡಿ8 ವೀಸಾ ಇದೆ. ಇಲ್ಲಿನ ಕನಿಷ್ಠ ಸಂಬಳದ ನಾಲ್ಕು ಪಟ್ಟು ಆದಾಯ ತೋರಿಸಬೇಕು. ಇಂಟರ್ನೆಟ್ ಚೆನ್ನಾಗಿದೆ.

ನಮ್ಮೂರಲ್ಲಿ ಮನೆ ನೋಡುವುದು ಹೇಗೆ ಅಂತ ನಿನಗೆ ಹೇಳಬೇಕಾ? ಒಳಗೆ ಬಿಸಿಲು ಬರಬಾರದು, ಗೋಡೆ ದಪ್ಪ ಇರಬೇಕು, ಶಹಾಬಾದ್ ಪರ್ಸಿ ಕಾಲಿಗೆ ತಣ್ಣಗಿರಬೇಕು. ಅಲ್ಫಾಮಾದಲ್ಲಿ ನನ್ನ ಮೊದಲ ಮನೆಯೂ ಹಾಗೇ ನೆರಳಿನದು. 1755ರ ಭೂಕಂಪದಲ್ಲೂ ಬಹುಪಾಲು ಉಳಿದ ಹಳೇ ಓಣಿಗಳು, ನೋಡಲು ಬಹಳ ಚಂದ. ಆದರೆ ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ನಡುಮಧ್ಯಾಹ್ನವೂ ಮೇಲಕ್ಕೆ ಏರುವುದಿಲ್ಲ. ದಕ್ಷಿಣದಲ್ಲಿ ತಗ್ಗಿನಲ್ಲೇ ಸಾಗಿ ಮುಳುಗುತ್ತಾನೆ. ಕಿರಿದಾದ ಓಣಿಯ ಕೆಳಗಿನ ಮನೆಗಳಿಗೆ ಬಿಸಿಲೇ ಮುಟ್ಟುವುದಿಲ್ಲ. ಮಳೆಯೂ ಅದೇ ತಿಂಗಳುಗಳಲ್ಲಿ ಬರುತ್ತದೆ. ಹಳೇ ಮನೆಗಳಲ್ಲಿ ಹೀಟಿಂಗ್ ಅಪರೂಪ. ಗೋಡೆಗೆ ಬೂಸ್ಟು ಹಿಡಿಯುತ್ತದೆ, ಬಟ್ಟೆ ಒಣಗುವುದಿಲ್ಲ, ಎಷ್ಟೋ ದಿನ ಹೊರಗಿಗಿಂತ ಒಳಗೇ ಚಳಿ.

ನಮ್ಮವ್ವ ಇಲ್ಲಿಗೆ ಬಂದದ್ದು ಒಂದೇ ಸಲ, ಅದೂ ಜನವರಿಯಲ್ಲಿ. ಮೇ ತಿಂಗಳ ಉರಿಯಲ್ಲಿ ಒಲೆ ಮುಂದೆ ಕೂತು ರೊಟ್ಟಿ ಬಡಿದವಳು ಆ ಮನೆಯಲ್ಲಿ ಕೌದಿ ಮೇಲೆ ಕೌದಿ ಹೊದ್ದರೂ ನಡುಗಿದಳು. ಕೆಮ್ಮು ಹತ್ತಿಕೊಂಡು ಬೇಗ ವಾಪಸ್ ಹೋದಳು. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ಈಗಿನ ಮನೆಯಲ್ಲಿ ಹಾಸಿಗೆವರೆಗೂ ಬಿಸಿಲು ಬರುತ್ತದೆ. ಅವ್ವ ಅದನ್ನು ನೋಡದೆ ಹೋದಳು.

ಅದಕ್ಕೇ ಹೇಳುತ್ತೇನೆ, ಎರಡನೇ ಮಹಡಿಗಿಂತ ಮೇಲೆ, ದಕ್ಷಿಣಕ್ಕೆ ಕಿಟಕಿ ಇರುವ ಮನೆ ನೋಡು. ದಕ್ಷಿಣ ಅಂದರೆ ಮನೆಯ ಹಿರಿಯರು ಬೇಡ ಅಂದಾರು. ಚಳಿಗಾಲದ ಬಿಸಿಲು ಬರುವುದೇ ಆ ಕಡೆಯಿಂದ ಅಂತ ತಿಳಿಸಿ ಹೇಳು. ನನ್ನ ಮಾತು ಕೇಳಿದರೆ ಅಲ್ವಲಾಡ್. 1940ರ ದಶಕದಲ್ಲಿ ಪ್ಲಾನ್ ಹಾಕಿ ಕಟ್ಟಲು ಶುರುಮಾಡಿದ ಬಡಾವಣೆ. ರಸ್ತೆ ಅಗಲ, ನೆಲ ಸಮ. ಹಸಿರು ಮೆಟ್ರೋ ಹತ್ತಿದರೆ ನೇರ ಮಾರ್ತಿಂ ಮೊನೀಸ್, ಅಲ್ಲಿ ನಮ್ಮ ಕಡೆಯ ಸಾಮಾನಿನ ಅಂಗಡಿಗಳಿವೆ. ತೊಗರಿಬೇಳೆ ಸಿಗುತ್ತದೆ, ನಮ್ಮ ಕಲಬುರಗಿ ಬೇಳೆಯ ರುಚಿ ಇಲ್ಲ ಅಷ್ಟೇ. ಜೋಳದ ಹಿಟ್ಟು, ಶೇಂಗಾ ಹಿಂಡಿ ಊರಿಂದಲೇ ತಾ. ತುಪ್ಪ ಮಾತ್ರ ಕಟ್ಟಿಸಿಕೊಳ್ಳಬೇಡ. ನಮ್ಮ ದೇಶದಿಂದ ಹಾಲಿನ ಪದಾರ್ಥ ಯುರೋಪಿನೊಳಗೆ ತರುವಂತಿಲ್ಲ.

ಬೈರು ಆಲ್ತು ಕಡೆ ಹೋಗಲೇಬೇಡ. ಬೆಂಗಳೂರಿನ ಒಂಬತ್ತೂವರೆ ಮೀಟಿಂಗ್ ಚಳಿಗಾಲದಲ್ಲಿ ಇಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ. ಅಲ್ಲಿ ತಡರಾತ್ರಿವರೆಗೂ ಬೀದಿ ತುಂಬ ಕುಡಿಯುವ ಜನ, ನಿನಗೆ ನಿದ್ದೆ ಎಲ್ಲಿಂದ ಬರಬೇಕು?

ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅಲ್ವಾ? ಮಧ್ಯಾಹ್ನ ಹನ್ನೆರಡಕ್ಕೆ ಕಿಟಕಿ ತೆರೆದು ತೆಗೆದ ವಿಡಿಯೋ ಕಳಿಸಲು ಮಾಲೀಕರಿಗೆ ಹೇಳು. ವಿಡಿಯೋ ಬಂದಮೇಲೆ ನನಗೂ ಕಳಿಸು, ನೋಡಿ ಹೇಳುತ್ತೇನೆ.